ಸೋಲಾರ್ ಪ್ಲೇಟಿಗೆ ವರ್ಷಕ್ಕೆ ಎರಡು ಓರೆ

ಮನೆಗೆ ಸೋಲಾರ್ ಹಾಕಿಸುವಾಗ ನಾವು ರೈತರು ಕೇಳುವ ಪ್ರಶ್ನೆಗಳು ಎಷ್ಟು ವ್ಯಾಟ್, ಎಷ್ಟು ಬಲ್ಬು, ಎಷ್ಟು ದುಡ್ಡು ಅನ್ನುವುದಷ್ಟೇ. ಪ್ಲೇಟನ್ನು ಯಾವ ಓರೆಯಲ್ಲಿ ಕೂರಿಸುತ್ತೀರಿ ಅಂತ ಕೇಳಿದವರನ್ನು ನಾನು ಕಂಡಿಲ್ಲ. ಕೇಳದೇ ಇರುವುದರಿಂದ ಹಾಕುವವರೂ ಹೇಳುವುದಿಲ್ಲ. ಗಾಡಿಯಲ್ಲಿ ಬಂದ ಸ್ಟ್ಯಾಂಡು ಯಾವ ಓರೆಯದ್ದೋ ಅದೇ ಓರೆ. ಹೆಂಚಿನ ಮನೆಯಾದರೆ ಹೆಂಚಿನ ಇಳುಕಲು ಯಾವ ಕಡೆಗೋ ಪ್ಲೇಟೂ ಆ ಕಡೆಗೆ. ಇಪ್ಪತ್ತು ವರ್ಷ ಬಾಳುವ ಸಾಮಾನನ್ನು ಅರ್ಧ ಗಂಟೆಯಲ್ಲಿ ಬಿಗಿದು ಹೋಗುತ್ತಾರೆ.

ನಮ್ಮ ಕಡೆ ಹಾಕಲು ಬಂದ ಹುಡುಗನನ್ನು ಕೇಳಿದೆ. 'ಯಾಕಪ್ಪ, ಇದನ್ನ ಏರಿಸಿ ಇಳಿಸೋ ಹಾಗೆ ಮಾಡಕ್ಕಾಗಲ್ವಾ?' ಅವನು 'ಅದೆಲ್ಲ ದೊಡ್ಡ ಪ್ಲಾಂಟ್‌ನೋರು ಮಾಡ್ತಾರೆ ಯಜಮಾನ್ರೆ, ಮನೆಗೆ ಯಾರೂ ಮಾಡಲ್ಲ' ಅಂದ. ನನ್ನ ಅಭಿಪ್ರಾಯ ಇದಕ್ಕೆ ತಿರುವುಮುರುವು. ಬ್ಯಾಟರಿ ಇಟ್ಟುಕೊಂಡ ಒಂದೆರಡು ಪ್ಲೇಟಿನ ಸಣ್ಣ ಮನೆಗೇ ಇದು ಹೆಚ್ಚು ಬೇಕು. ದೊಡ್ಡವರ ಲೆಕ್ಕ ಬೇರೆ.

ಅವರ ಲೆಕ್ಕ ಏನು ಅಂತ ತಿಳಿಯಲು ನಾವು ದೂರ ಹೋಗಬೇಕಿಲ್ಲ. ಪಾವಗಡ ತಾಲೂಕಿನ ತಿರುಮಣಿ ಸುತ್ತಲಿನ ಐದು ಹಳ್ಳಿಗಳಲ್ಲಿ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಇದೆ. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಈಗ ಅದರ ಸಾಮರ್ಥ್ಯ 2,050 ಮೆಗಾವ್ಯಾಟ್. ರೈತರ ಜಮೀನನ್ನು ಕೊಂಡುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ತೆಗೆದುಕೊಂಡು ಶುರು ಮಾಡಿದ ಯೋಜನೆ ಅದು. ಅಲ್ಲಿ ಹುಟ್ಟಿದ ಕರೆಂಟು ಆಗಿಂದಾಗ್ಗೆ ಲೈನಿಗೆ ಹೋಗುತ್ತದೆ. ಜೂನ್‌ನಲ್ಲಿ ಕಮ್ಮಿಯಾದರೂ ಫೆಬ್ರವರಿಯಲ್ಲಿ ಜಾಸ್ತಿಯಾದರೂ ವರ್ಷದ ಕೊನೆಗೆ ಒಟ್ಟು ಯೂನಿಟ್ ಎಷ್ಟು ಅನ್ನುವುದೇ ಮುಖ್ಯ.

ನಮ್ಮ ಮನೆಯ ಬ್ಯಾಟರಿ ಹಾಗಲ್ಲ. ಮಾರ್ಚ್ ತಿಂಗಳ ಬಿಸಿಲನ್ನು ಡಿಸೆಂಬರಿಗೆ ಎತ್ತಿಡಲು ಬರುವುದಿಲ್ಲ. ಬ್ಯಾಟರಿ ತುಂಬಿದ ಮೇಲೆ ಬಂದ ಬಿಸಿಲು ವ್ಯರ್ಥ. ಬ್ಯಾಟರಿ ಅರ್ಧ ತುಂಬಿದ ದಿನ ರಾತ್ರಿ ಒಂಬತ್ತಕ್ಕೇ ದೀಪ ಮಂಕು. ಆದ್ದರಿಂದ ನಾವು ನೋಡಬೇಕಾದ್ದು ಕೊರತೆಯ ದಿನಗಳ ಲೆಕ್ಕವನ್ನು. ವರ್ಷದ ಒಟ್ಟು ನಮಗೆ ಅಷ್ಟು ಮುಖ್ಯವಲ್ಲ. ಇದೊಂದು ಮಾತು ತಲೆಗೆ ಹೋದರೆ ಉಳಿದದ್ದೆಲ್ಲ ಸುಲಭ.

ಸೂರ್ಯ ಎಲ್ಲಿರುತ್ತಾನೆ?

ಗೊರವನಹಳ್ಳಿ, ಕೊರಟಗೆರೆ, ಮಧುಗಿರಿ, ಶಿರಾ ಎಲ್ಲ ಸುಮಾರು ಹದಿಮೂರೂವರೆ ಡಿಗ್ರಿ ಉತ್ತರ ಅಕ್ಷಾಂಶದ ಊರುಗಳು. ಪಾವಗಡ ಸ್ವಲ್ಪ ಮೇಲೆ, ಹದಿನಾಲ್ಕು. ಡಿಸೆಂಬರ್ 22ರ ಮಧ್ಯಾಹ್ನ ನಮ್ಮ ಸೂರ್ಯ ನೆತ್ತಿಯಿಂದ 37 ಡಿಗ್ರಿ ದಕ್ಷಿಣಕ್ಕೆ ವಾಲಿರುತ್ತಾನೆ. ಜೂನ್ 21ರ ಮಧ್ಯಾಹ್ನ ನೆತ್ತಿ ದಾಟಿ 10 ಡಿಗ್ರಿ ಉತ್ತರಕ್ಕೆ ಹೋಗಿರುತ್ತಾನೆ. ಜೂನ್‌ನಲ್ಲಿ ಮನೆಯ ಉತ್ತರದ ಗೋಡೆಗೆ ಬಿಸಿಲು ಬೀಳುವುದನ್ನು ನಮ್ಮ ಹೆಂಗಸರೆಲ್ಲ ನೋಡಿರುತ್ತಾರೆ. ಸಂಡಿಗೆ ಒಣಗಿಸುವ ಜಾಗ ಬದಲಾಗುವುದು ಅದಕ್ಕೇ.

ಈ ಎರಡು ತುದಿಗಳ ಮಧ್ಯೆ ಎರಡು ದಿನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬಂದು ನಮ್ಮ ನೆರಳು ಕಾಲಡಿಗೆ ಸೇರುತ್ತದೆ. ಏಪ್ರಿಲ್ ಕೊನೆಯ ವಾರದಲ್ಲಿ ಒಮ್ಮೆ, ಆಗಸ್ಟ್ 17ರ ಆಸುಪಾಸಿನಲ್ಲಿ ಇನ್ನೊಮ್ಮೆ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಭರಣಿ ಮಳೆ ಹುಟ್ಟುವ ಹೊತ್ತಿಗೆ ಒಂದು ಸಲ, ಮಘೆ ಹುಟ್ಟುವ ಹೊತ್ತಿಗೆ ಇನ್ನೊಂದು ಸಲ. ಮಳೆ ನಕ್ಷತ್ರದ ಲೆಕ್ಕ ಇಟ್ಟುಕೊಂಡವರಿಗೆ ಇದನ್ನು ನೆನಪಿಡಲು ಬೇರೆ ಕ್ಯಾಲೆಂಡರ್ ಬೇಡ. ಆದರೆ ಸಂಕ್ರಾಂತಿಯನ್ನು ಮಾತ್ರ ನಂಬಬೇಡಿ. ಹಬ್ಬ ಜನವರಿ ಮಧ್ಯಕ್ಕೆ ಬಂದರೂ ಸೂರ್ಯ ತಿರುಗಿ ಆಗಲೇ ಮೂರು ವಾರ ಆಗಿರುತ್ತದೆ.

ಪ್ಲೇಟು ಸೂರ್ಯನಿಗೆ ನೇರ ಮುಖ ಕೊಟ್ಟಾಗ ಸಿಗುವುದನ್ನು ನೂರು ಅಂತ ಇಟ್ಟುಕೊಳ್ಳಿ. 15 ಡಿಗ್ರಿಗೆ ಖಾಯಂ ಬಿಗಿದ ಪ್ಲೇಟು ಡಿಸೆಂಬರಿನಲ್ಲಿ 22 ಡಿಗ್ರಿ ತಪ್ಪಿ ನಿಂತಿರುತ್ತದೆ. ಆಗ ಮಧ್ಯಾಹ್ನದ ನೇರ ಬಿಸಿಲಿನಲ್ಲಿ ಸಿಗುವುದು ಸುಮಾರು 93. ಅದನ್ನೇ 30 ಡಿಗ್ರಿಗೆ ಎತ್ತಿದರೆ 99. 'ಆರೇಳು ಪರ್ಸೆಂಟಿಗೆ ಇಷ್ಟೆಲ್ಲ ಯಾಕೆ' ಅನ್ನಬಹುದು. 100 ವ್ಯಾಟಿನ ಪ್ಲೇಟು ದಿನಕ್ಕೆ ಐದು ಗಂಟೆಯಷ್ಟು ಒಳ್ಳೆ ಬಿಸಿಲು ತಿಂದರೆ 500 ವ್ಯಾಟ್-ಗಂಟೆ. ಅದರ ಏಳು ಪರ್ಸೆಂಟ್ ಎಂದರೆ 35. ಏಳು ವ್ಯಾಟಿನ ಒಂದು ಎಲ್‌ಇಡಿ ಬಲ್ಬು ಐದು ಗಂಟೆ ಉರಿಯಲು ಬೇಕಾದಷ್ಟು! ಅದೂ ಯಾವಾಗ? ಡಿಸೆಂಬರಿನ ಹಗಲು ಜೂನ್ ಹಗಲಿಗಿಂತ ಒಂದೂವರೆ ಗಂಟೆ ಚಿಕ್ಕದು. ರಾತ್ರಿ ಅಷ್ಟೇ ಉದ್ದ. ಬೆಳಗ್ಗೆ ಹಾಲು ಕರೆಯುವ ಹೊತ್ತಿಗೂ ಕತ್ತಲೆ. ದೀಪ ಹೆಚ್ಚು ಬೇಕಾದ ಕಾಲದಲ್ಲೇ ಬಿಸಿಲು ಕಮ್ಮಿ.

ಇದು ದಕ್ಷಿಣಕ್ಕೆ ಮುಖ ಮಾಡಿದ ಪ್ಲೇಟಿನ ಮಾತಾಯಿತು. ಉತ್ತರಕ್ಕೆ ಇಳುಕಲಾದ ಹೆಂಚಿನ ಮೇಲೆ ಹಾಗೇ ಮಲಗಿಸಿದ ಪ್ಲೇಟುಗಳೂ ನಮ್ಮ ಕಡೆ ಇವೆ. ಬೀದಿ ಆ ಕಡೆಗಿದೆ, ಹೋಗಿ ಬರುವವರಿಗೆ ಕಾಣಲಿ ಅಂತಲೋ ಏನೋ. ಇಳುಕಲು 20 ಡಿಗ್ರಿ ಇದ್ದರೆ ಡಿಸೆಂಬರ್ ಮಧ್ಯಾಹ್ನ ಆ ಪ್ಲೇಟಿಗೆ ಸಿಗುವುದು ನೂರಕ್ಕೆ 55. ಅರ್ಧ ದುಡ್ಡು ಹೆಂಚಿನ ಮೇಲೆ ಸುರಿದ ಹಾಗೆ. ಇಂಥ ಮನೆಯವರು 'ಚಳಿಗಾಲದಲ್ಲಿ ಬ್ಯಾಟರಿ ವೀಕ್ ಆಗುತ್ತೆ' ಅಂತ ಬ್ಯಾಟರಿ ಬದಲಿಸುತ್ತಾರೆ. ಬದಲಿಸಬೇಕಾದ್ದು ಪ್ಲೇಟಿನ ಮುಖ.

ಎರಡೇ ಸಲ ಸಾಕು

ಪುಸ್ತಕಗಳಲ್ಲಿ ಒಂದು ಸೂತ್ರ ಇದೆ. ಚಳಿಗಾಲಕ್ಕೆ ಅಕ್ಷಾಂಶಕ್ಕೆ 15 ಕೂಡಿಸಿ, ಬೇಸಿಗೆಗೆ 15 ಕಳೆಯಿರಿ ಅಂತ. ದಿಲ್ಲಿಯವರಿಗೆ ಇದು 43 ಮತ್ತು 13 ಆಗುತ್ತದೆ, ಸರಿ. ನಮಗೆ ಹದಿಮೂರೂವರೆಯಲ್ಲಿ 15 ಕಳೆದರೆ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಅಂದರೆ ಪ್ಲೇಟನ್ನು ಉತ್ತರಕ್ಕೆ ವಾಲಿಸಬೇಕು. ಅಷ್ಟು ಸರ್ಕಸ್ ನಮಗೆ ಬೇಡ. ಬೇಸಿಗೆಯಿಂದ ಮಳೆಗಾಲ ಮುಗಿಯುವವರೆಗೆ ದಕ್ಷಿಣಕ್ಕೆ 5 ಡಿಗ್ರಿ, ಚಳಿಗಾಲಕ್ಕೆ 30 ಡಿಗ್ರಿ. ಇಷ್ಟು ಸಾಕು ಅನ್ನುವುದು ನನ್ನ ವಾದ. 5 ಡಿಗ್ರಿಯಲ್ಲಿ ಬಿಟ್ಟರೆ ಜೂನ್ ಮಧ್ಯಾಹ್ನ 97ರ ಹತ್ತಿರ ಸಿಗುತ್ತದೆ. ಪೂರ್ತಿ ಸಮತಟ್ಟು ಮಾಡಬೇಡಿ. ಅಂಚಿನಲ್ಲಿ ನೀರು ನಿಂತು ಧೂಳು ಕೆಸರಾಗಿ ಕೂರುತ್ತದೆ. ಐದು ಡಿಗ್ರಿ ಇದ್ದರೆ ಜೋರು ಮಳೆ ತೊಳೆದುಕೊಂಡು ಹೋಗುತ್ತದೆ.

ಆಷಾಢ ಶ್ರಾವಣದ ಮೋಡಕ್ಕೆ ಯಾವ ಓರೆಯೂ ಮದ್ದಲ್ಲ. ಅದನ್ನು ಒಪ್ಪಿಕೊಳ್ಳಬೇಕು. ಆದರೆ ಮೋಡ ಕವಿದ ದಿನ ಬೆಳಕು ಸೂರ್ಯನ ಕಡೆಯಿಂದ ಮಾತ್ರ ಬರುವುದಿಲ್ಲ, ಇಡೀ ಆಕಾಶದಿಂದ ಬರುತ್ತದೆ. ಮಲಗಿದ ಪ್ಲೇಟಿಗೆ ಇಡೀ ಆಕಾಶ ಕಾಣುತ್ತದೆ, ಎದ್ದು ನಿಂತದ್ದಕ್ಕೆ ಒಂದು ಪಾಲು ಮರೆ. 30 ಡಿಗ್ರಿಗೇ ಖಾಯಂ ಬಿಗಿದವರು ಮೋಡದ ದಿನ ಏಳು ಪರ್ಸೆಂಟ್, ಬಿಸಿಲು ಬಂದ ಜೂನ್ ಮಧ್ಯಾಹ್ನ 23 ಪರ್ಸೆಂಟ್ ಕಳೆದುಕೊಳ್ಳುತ್ತಾರೆ. ಹಾಗಾಗಿ ಡಿಸೆಂಬರಿಗೆ ಒಳ್ಳೆಯದೆಂದು ಎತ್ತಿ ಅಲ್ಲೇ ಬಿಡುವುದೂ ಲಾಭವಲ್ಲ.

ತಿಂಗಳಿಗೊಮ್ಮೆ ಬದಲಿಸಿದರೆ? ಇನ್ನೂ ಸ್ವಲ್ಪ ಸಿಗುತ್ತದೆ, ಆದರೆ ಬಲು ಸ್ವಲ್ಪ. ತಿಂಗಳಿಗೊಮ್ಮೆ ತಾರಸಿ ಹತ್ತಿ ಬೋಲ್ಟ್ ಬಿಚ್ಚುವ ರೈತ ಎರಡನೇ ವರ್ಷಕ್ಕೆ ಅದನ್ನು ಬಿಟ್ಟೇ ಬಿಡುತ್ತಾನೆ. ಸೂರ್ಯನ ಜೊತೆ ತಾನೇ ತಿರುಗುವ ಮೋಟಾರಿನ ಸ್ಟ್ಯಾಂಡಂತೂ ಒಂದೆರಡು ಪ್ಲೇಟಿಗೆ ದಂಡ. ಅದೇ ದುಡ್ಡಿಗೆ ಇನ್ನೊಂದು ಪ್ಲೇಟು ಹಾಕಿ.

ಎರಡು ಸಲ ಎಂದರೆ ಯಾವಾಗ? ಏರಿಸುವುದು ಆಯುಧಪೂಜೆಗೆ. ಅವತ್ತು ಹೇಗೂ ನೇಗಿಲು, ಪಂಪ್‌ಸೆಟ್, ಟಿಲ್ಲರ್ ಎಲ್ಲ ತೊಳೆಯುತ್ತೇವೆ, ಪ್ಲೇಟನ್ನೂ ತೊಳೆದು ಏರಿಸಿದರೆ ಮುಗಿಯಿತು. (ಕುಂಕುಮ ಇಡುವುದಾದರೆ ಚೌಕಟ್ಟಿಗೆ ಇಡಿ, ಗಾಜಿಗೆ ಬೇಡ. ಹೂವಿನ ಹಾರವೂ ನೆರಳೇ.) ಇಳಿಸುವುದು ಶಿವರಾತ್ರಿ ಕಳೆದು ಯುಗಾದಿ ಬರುವುದರೊಳಗೆ, ಮಾರ್ಚ್ ಮಧ್ಯಕ್ಕೆ.

ಇಳಿಸುವುದಕ್ಕೆ ಇನ್ನೊಂದು ಕಾರಣ ಇದೆ. ನನಗೆ ಬಿಸಿಲಿಗಿಂತ ಇದೇ ದೊಡ್ಡದಾಗಿ ಕಾಣುತ್ತದೆ. ನಮ್ಮ ಕಡೆ ಶೀಟು ಹಾರಿಸುವ ಗಾಳಿ ಬರುವುದು ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯ ಜೊತೆ. ಆಮೇಲೆ ಆಷಾಢದ ಗಾಳಿ. ಎತ್ತಿ ನಿಲ್ಲಿಸಿದ ಪ್ಲೇಟು ಗಾಳಿಗೆ ಬಿಚ್ಚಿದ ಛತ್ರಿ ಇದ್ದ ಹಾಗೆ. ಮಾರ್ಚ್‌ನಲ್ಲಿ ಮಲಗಿಸಿಬಿಟ್ಟರೆ ಗಾಳಿಯ ಕಾಲ ಪೂರ್ತಿ ಅದು ತಗ್ಗಿಯೇ ಇರುತ್ತದೆ. ಬಿಸಿಲಿನ ಲೆಕ್ಕವೂ ಗಾಳಿಯ ಲೆಕ್ಕವೂ ಒಂದೇ ತಿಂಗಳಿಗೆ ಕೂಡಿಬರುವುದು ನಮ್ಮ ಸೀಮೆಯ ಅದೃಷ್ಟ.

ಸ್ಟ್ಯಾಂಡಿನ ಕೆಲಸ

ಇದಕ್ಕೆ ಕಂಪನಿ ಸಾಮಾನು ಬೇಕಿಲ್ಲ. ಕೊರಟಗೆರೆ, ಮಧುಗಿರಿಯ ಯಾವ ವೆಲ್ಡಿಂಗ್ ಅಂಗಡಿಯಲ್ಲೂ ಆಗುತ್ತದೆ. ದಕ್ಷಿಣದ ಅಂಚಿಗೆ ಎರಡು ಕೀಲು. ಉತ್ತರದ ಅಂಚಿಗೆ ಎರಡು ಜೊತೆ ಕಾಲು, ಗಿಡ್ಡ ಒಂದು ಜೊತೆ, ಉದ್ದ ಒಂದು ಜೊತೆ. ಇಷ್ಟೇ.

ಡಿಗ್ರಿ ಅಳೆಯುವುದು ಹೇಗೆ ಅಂತ ಅಂಗಡಿಯವರು ಗೊಂದಲ ಮಾಡಿಕೊಳ್ಳುತ್ತಾರೆ. ಕೋನಮಾಪಕ ಬೇಡ, ಟೇಪು ಸಾಕು. ಕೀಲಿನಿಂದ ಪ್ಲೇಟಿನ ಚೌಕಟ್ಟಿನ ಉದ್ದಕ್ಕೆ 60 ಇಂಚು ಅಳೆದು ಗುರುತು ಹಾಕಿ. ಆ ಗುರುತು ಕೀಲಿನ ಮಟ್ಟಕ್ಕಿಂತ ಎಷ್ಟು ಇಂಚು ಮೇಲಿದೆಯೋ ಓರೆ ಹೆಚ್ಚುಕಮ್ಮಿ ಅಷ್ಟೇ ಡಿಗ್ರಿ. 5 ಇಂಚು ಎತ್ತಿದರೆ 5 ಡಿಗ್ರಿ, 30 ಇಂಚು ಎತ್ತಿದರೆ 30 ಡಿಗ್ರಿ. ಪ್ಲೇಟು ಗಿಡ್ಡವಾದರೆ 30 ಇಂಚಿಗೆ ಗುರುತು ಹಾಕಿ, ಡಿಗ್ರಿಗೆ ಅರ್ಧ ಇಂಚು ಲೆಕ್ಕ. ನಮ್ಮ ಗಾರೆ ಕೆಲಸದವರ ರಸಮಟ್ಟ ಇದ್ದರೆ ಇನ್ನೂ ಸಲೀಸು.

ಒಂದು ಸೂಕ್ಷ್ಮ ಇದೆ. ಪ್ಲೇಟು ಎದ್ದಂತೆ ಅದರ ಹಿಂದಿನ ಅಂಚು ದಕ್ಷಿಣಕ್ಕೆ ಸರಿಯುತ್ತದೆ. ಕಾಲು ನೆಟ್ಟಗೆ ನಿಲ್ಲಬೇಕಾದರೆ ಅದರ ಪಾದವೂ ಸರಿಯಬೇಕು. ಐದಡಿ ಪ್ಲೇಟಿಗೆ ಕೆಳಗಿನ ಆಂಗಲ್ ಪಟ್ಟಿಯಲ್ಲಿ ಕೀಲಿನಿಂದ 60 ಇಂಚಿಗೆ ಒಂದು ತೂತು, 52 ಇಂಚಿಗೆ ಇನ್ನೊಂದು. ಮೊದಲನೆಯದು ಗಿಡ್ಡ ಕಾಲಿಗೆ, ಎರಡನೆಯದು ಉದ್ದ ಕಾಲಿಗೆ. ಉದ್ದ ಕಾಲುಗಳ ಮಧ್ಯೆ ಅಡ್ಡಡ್ಡ ಒಂದು ಪಟ್ಟಿ ಕೊಡದೆ ಬಿಡಬೇಡಿ, ನವೆಂಬರಿನ ಸೈಕ್ಲೋನ್ ಮಳೆಯಲ್ಲಿ ಗಾಳಿ ಇಲ್ಲ ಅಂತೇನಿಲ್ಲ. ಬೋಲ್ಟು ತುಕ್ಕು ಹಿಡಿಯದ್ದಾಗಿರಲಿ, ಜೊತೆಗೆ ಸ್ಪ್ರಿಂಗ್ ವಾಷರ್. ವರ್ಷಕ್ಕೆ ಎರಡು ಸಲ ಬಿಚ್ಚಬೇಕಾದ ಬೋಲ್ಟು ತುಕ್ಕು ಹಿಡಿದರೆ ಏರಿಸಿ ಇಳಿಸುವ ಸ್ಟ್ಯಾಂಡೂ ಖಾಯಂ ಸ್ಟ್ಯಾಂಡೇ.

ದಕ್ಷಿಣ ಯಾವುದು? ನಮ್ಮ ಮನೆಗಳು ವಾಸ್ತು ನೋಡಿ ಕಟ್ಟಿದವಾದರೂ ಗೋಡೆಯನ್ನು ನಂಬಬೇಡಿ. ಚಳಿಗಾಲದಲ್ಲಿ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ ಅದರ ನೆರಳು ಅತಿ ಗಿಡ್ಡವಾದ ಕ್ಷಣ ಗುರುತು ಮಾಡಿ. ನೆರಳು ತೋರಿಸುವುದು ಉತ್ತರ, ಅದರ ಎದುರು ದಕ್ಷಿಣ. ಆ ಕ್ಷಣ ಗಡಿಯಾರದ ಹನ್ನೆರಡಕ್ಕೆ ಬರುವುದಿಲ್ಲ. ನಮ್ಮ ಕಡೆ ನವೆಂಬರ್ ಮೊದಲ ವಾರದಲ್ಲಿ ಹನ್ನೆರಡು ದಾಟಿ ಐದು ನಿಮಿಷಕ್ಕೆ, ಫೆಬ್ರವರಿಯಲ್ಲಿ ಹನ್ನೆರಡೂವರೆ ದಾಟಿದ ಮೇಲೆ ಬರುತ್ತದೆ. ನಾಲ್ಕೈದು ಡಿಗ್ರಿ ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಓರೆ ಸರಿ ಇದೆಯೋ ಅಂತ ನೋಡಲೂ ನೆರಳೇ ಸಾಕ್ಷಿ. ಚೌಕಟ್ಟಿಗೆ ಒಂದು ಉದ್ದ ಬೋಲ್ಟನ್ನು ಗಾಜಿಗೆ ಲಂಬವಾಗಿ ನಿಲ್ಲಿಸಿ. ಆ ಮಧ್ಯಾಹ್ನದ ಹೊತ್ತಿಗೆ ಬೋಲ್ಟಿನ ನೆರಳು ಮಾಯವಾದರೆ ಪ್ಲೇಟು ಸೂರ್ಯನನ್ನೇ ನೋಡುತ್ತಿದೆ ಎಂದರ್ಥ. ನೆರಳು ಮೇಲಿನ ಅಂಚಿನ ಕಡೆಗೆ ಬಿದ್ದರೆ ಇನ್ನೂ ಎತ್ತಬೇಕು, ಕೆಳಗಿನ ಅಂಚಿನ ಕಡೆಗೆ ಬಿದ್ದರೆ ಇಳಿಸಬೇಕು. ನಮ್ಮದು ಎರಡೇ ಓರೆಯಾದ್ದರಿಂದ ಸ್ವಲ್ಪ ನೆರಳು ಇದ್ದೇ ಇರುತ್ತದೆ, ಇರಲಿ.

ಓರೆಗಿಂತ ಮೊದಲು

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು. ನೆರಳು ಇರುವ ಕಡೆ ಓರೆ ಮಾತಾಡಿ ಪ್ರಯೋಜನವಿಲ್ಲ. ಪ್ಲೇಟಿನೊಳಗಿನ ತುಂಡುಗಳು ಸರಪಣಿಯಂತೆ ಒಂದಕ್ಕೊಂದು ಜೋಡಿಸಿರುವಂಥವು. ಸಾಮಾನ್ಯವಾಗಿ ಮೂರು ಗುಂಪು ಇರುತ್ತವೆ. ಒಂದು ತೆಂಗಿನ ಗರಿಯ ನೆರಳು ಒಂದು ಗುಂಪಿನ ಮೇಲೆ ಬಿದ್ದರೆ ಆ ಗುಂಪೇ ನಿಂತು ಮೂರರಲ್ಲೊಂದು ಪಾಲು ಹೋಗಬಹುದು. ಆರೇಳು ಪರ್ಸೆಂಟಿಗೆ ಸ್ಟ್ಯಾಂಡು ಮಾಡಿಸಿ ಮೂವತ್ತನ್ನು ಗರಿಗೆ ಕೊಟ್ಟ ಹಾಗಾಗುತ್ತದೆ.

ಜೂನ್‌ನಲ್ಲಿ ನೆರಳಿಲ್ಲದ ಜಾಗ ಡಿಸೆಂಬರಿನಲ್ಲಿ ನೆರಳಾಗಬಹುದು. ಮೂರಡಿ ಪ್ಯಾರಾಪೆಟ್ ಗೋಡೆಯ ನೆರಳು ಡಿಸೆಂಬರ್ ಮಧ್ಯಾಹ್ನ ಎರಡೂಕಾಲು ಅಡಿ ಉತ್ತರಕ್ಕೆ ಬೀಳುತ್ತದೆ. ಬೆಳಗ್ಗೆ ಒಂಬತ್ತಕ್ಕೆ ಆ ನೆರಳು ಐದಡಿ ದಾಟುತ್ತದೆ. ತಾರಸಿಯ ಮೇಲಿನ ನೀರಿನ ಟ್ಯಾಂಕು, ಡಿಶ್ ಆಂಟೆನಾ, ಪಕ್ಕದ ಹುಣಸೆಮರ ಎಲ್ಲವನ್ನೂ ಚಳಿಗಾಲದ ಒಂದು ದಿನ ಬೆಳಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ನೋಡಿಯೇ ಜಾಗ ನಿಶ್ಚಯಿಸಬೇಕು. ಎರಡು ಸಾಲು ಪ್ಲೇಟು ಇದ್ದರೆ ಮುಂದಿನದು ಎದ್ದಾಗ ಹಿಂದಿನದಕ್ಕೆ ನೆರಳಾಗದಷ್ಟು ಅಂತರ ಬೇಕು.

ಧೂಳಿನದೂ ಇದೇ ಕಥೆ. ರಾಗಿ ಕಣ, ಕಡಲೆಕಾಯಿ ಬಿಡಿಸುವ ಮಿಷನ್, ಮಣ್ಣಿನ ರಸ್ತೆ, ಇವೆಲ್ಲ ಮನೆ ಪಕ್ಕದಲ್ಲೇ. ಜನವರಿಯಿಂದ ಏಪ್ರಿಲ್‌ವರೆಗೆ ತೊಳೆಯಲು ಮಳೆಯೂ ಇಲ್ಲ. 30 ಡಿಗ್ರಿ ಓರೆಯಲ್ಲಿ ಧೂಳು ಕೂರುವುದು ಕಮ್ಮಿ, ಆದರೂ ವಾರಕ್ಕೊಮ್ಮೆ ಬೆಳಗಿನ ತಂಪಿನಲ್ಲಿ ಒರೆಸಬೇಕು. ಬೋರ್‌ವೆಲ್ ನೀರು ಹಾಕಿ ಹಾಗೇ ಒಣಗಲು ಬಿಟ್ಟರೆ ಗಾಜಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ನಮ್ಮ ನೀರಿನ ಗಡಸುತನ ಒಲೆ ಮೇಲಿನ ಪಾತ್ರೆ ನೋಡಿದರೇ ಗೊತ್ತಾಗುತ್ತದಲ್ಲ! ಮಳೆನೀರು ಹಿಡಿದಿಟ್ಟಿದ್ದರೆ ಅದೇ ಒಳ್ಳೆಯದು. ಇಲ್ಲದಿದ್ದರೆ ಹತ್ತಿ ಬಟ್ಟೆಯಲ್ಲಿ ಒರೆಸಿ ಒಣಗಿಸಿ.

ಶೀಟಿಗೆ ಅಂಟಿಸಿದ ಹಾಗೆ ಪ್ಲೇಟು ಹಾಕುವುದೂ ಸರಿಯಲ್ಲ. ಪ್ಲೇಟಿಗೆ ಬೆಳಕು ಬೇಕು, ಕಾವು ಬೇಡ. 25 ಡಿಗ್ರಿ ಶಾಖ ದಾಟಿದ ಮೇಲೆ ಪ್ರತಿ ಡಿಗ್ರಿಗೂ ಅದರ ಶಕ್ತಿ ನೂರಕ್ಕೆ ಸುಮಾರು 0.4ರಂತೆ ಇಳಿಯುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಪ್ಲೇಟು 60 ಡಿಗ್ರಿ ಮುಟ್ಟಿದರೆ 14 ಪರ್ಸೆಂಟ್ ಹೋಯಿತು. ಕೀಲಿನ ಸ್ಟ್ಯಾಂಡಿನಲ್ಲಿ ಕೆಳಗೆ ಗಾಳಿಯಾಡುವ ಸಂದು ತಾನಾಗಿಯೇ ಬರುತ್ತದೆ. ಸಿಮೆಂಟ್ ಶೀಟಿನ ಮನೆಯವರು ಮೇಲೆ ಹತ್ತುವ ಸಾಹಸ ಮಾಡಬೇಡಿ. ಅಂಗಳದಲ್ಲೇ ಕಂಬ ನೆಟ್ಟು ಅದರ ಮೇಲೆ ಕೂರಿಸಿದರೆ ಏರಿಸಿ ಇಳಿಸಲು, ಒರೆಸಲು ಎರಡಕ್ಕೂ ಅನುಕೂಲ. ಕಲ್ಲು ಚಪ್ಪಡಿಯ ಹಳೇ ಮನೆಗಳಿಗೆ ಆ ತೊಂದರೆ ಇಲ್ಲ, ಸ್ಟ್ಯಾಂಡಿನ ಪಾದಕ್ಕೆ ಕಲ್ಲಿನ ಭಾರ ಹೇರಬಹುದು.

ಯಾರಿಗೆ ಬೇಡ?

ಬೆಸ್ಕಾಂ ಲೈನಿಗೆ ಕರೆಂಟು ಬಿಡುವ ತಾರಸಿ ಸೋಲಾರ್ ಹಾಕಿಸಿದವರಿಗೆ ಈ ಮಾತು ಅನ್ವಯಿಸುವುದಿಲ್ಲ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಇಟ್ಟಿದ್ದಾರೆ. ಅಲ್ಲಿ ಲೈನೇ ನಿಮ್ಮ ಬ್ಯಾಟರಿ. ಲೆಕ್ಕ ಒಟ್ಟು ಯೂನಿಟ್ಟಿನದು, ಓರೆ ಬದಲಿಸಿದರೆ ವರ್ಷದ ಒಟ್ಟಿನಲ್ಲಿ ಸಿಗುವ ಹೆಚ್ಚುವರಿ ನೂರಕ್ಕೆ ಐದರೊಳಗೆ. ಎಂಟು ಹತ್ತು ಪ್ಲೇಟು ಏರಿಸಿ ಇಳಿಸುವ ಕಷ್ಟಕ್ಕೆ ಅದು ಸಾಲದು. ಕಂಪನಿಯ ಸ್ಟ್ಯಾಂಡನ್ನು ಕೊಯ್ದು ಬೆಸೆದರೆ ವಾರಂಟಿಯ ತಕರಾರು ಬೇರೆ. 13-15 ಡಿಗ್ರಿಗೆ ಒಮ್ಮೆ ಸರಿಯಾಗಿ ಬಿಗಿಸಿಕೊಂಡು ಸುಮ್ಮನಿರುವುದು ವಾಸಿ. ಆದರೆ ಬ್ಯಾಟರಿ ಇಲ್ಲದ ಇಂಥ ವ್ಯವಸ್ಥೆ ಲೈನಿನಲ್ಲಿ ಕರೆಂಟು ಹೋದ ತಕ್ಷಣ ತಾನೂ ನಿಲ್ಲುತ್ತದೆ. ಲೈನ್‌ಮ್ಯಾನ್ ಜೀವ ಉಳಿಯಲಿ ಅಂತ ಮಾಡಿದ ಏರ್ಪಾಡು ಅದು. ಇದನ್ನು ತಿಳಿಯದೆ 'ಸೋಲಾರ್ ಹಾಕ್ಸಿದ್ರೂ ಕತ್ಲೆ' ಅನ್ನುವವರಿದ್ದಾರೆ.

2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ತಿಂಗಳಿಗೆ ನಲವತ್ತು ಐವತ್ತು ಯೂನಿಟ್ ಸುಡುವ ನಮ್ಮಂಥ ಸಣ್ಣ ಮನೆಗಳಿಗೆ ಬಿಲ್ಲಿನ ಭಯ ಇಲ್ಲ. ನಮಗೆ ಸೋಲಾರ್ ಬೇಕಿರುವುದು ಕರೆಂಟು ಹೋದಾಗಿನ ದೀಪಕ್ಕೆ, ತೋಟದ ಮನೆಗೆ, ದನದ ಕೊಟ್ಟಿಗೆಗೆ. ಅಂದರೆ ಬ್ಯಾಟರಿಯದ್ದು. ಅಂಥವರಿಗೇ ಕೀಲಿನ ಸ್ಟ್ಯಾಂಡು.

ಇದೇನು ನಾನು ಹೊಸದಾಗಿ ಕೇಳುತ್ತಿರುವುದೂ ಅಲ್ಲ. ಕೇಂದ್ರ ಸರ್ಕಾರದ ನವೀಕರಿಸಬಹುದಾದ ಇಂಧನ ಸಚಿವಾಲಯ ಸೋಲಾರ್ ಪಂಪುಗಳಿಗೆ ಮಾಡಿದ ನಿಯಮದಲ್ಲಿ, ಋತುವಿಗೆ ತಕ್ಕಂತೆ ಓರೆ ಬದಲಿಸುವ ಅನುಕೂಲ ಸ್ಟ್ಯಾಂಡಿನಲ್ಲಿ ಇರಬೇಕು ಅಂತ ಬರೆದಿತ್ತು. ಪಂಪಿಗೆ ಬೇಕಾದ್ದು ಮನೆ ದೀಪಕ್ಕೆ ಯಾಕೆ ಬೇಡ? ಹಾಕುವವರಿಗೆ ಎರಡು ಕೀಲು, ಎರಡು ಕಾಲು ಹೆಚ್ಚಿನ ಖರ್ಚು ಅಷ್ಟೆ. ನಾಲ್ಕು ಜನ ಕೇಳಿದರೆ ಐದನೆಯವನಿಗೆ ಕೇಳದೇ ಕೊಡುತ್ತಾರೆ. ಕೊಟೇಷನ್ ಬರೆಸುವಾಗಲೇ 'ಓರೆ ಬದಲಿಸುವ ಸ್ಟ್ಯಾಂಡು, 5 ಮತ್ತು 30 ಡಿಗ್ರಿ' ಅಂತ ಬರೆಸಿ. ದುಡ್ಡು ಕೊಟ್ಟ ಮೇಲೆ ಕೇಳಿದರೆ 'ಆಮೇಲೆ ಮಾಡ್ಕೊಡ್ತೀವಿ' ಅನ್ನುವ ಉತ್ತರ ಬರುತ್ತದೆ.

ಪ್ಲೇಟಿನಿಂದ ಇಳಿಯುವ ವೈರನ್ನು ಬಿಗಿಯಾಗಿ ಎಳೆದು ಕಟ್ಟಲು ಬಿಡಬೇಡಿ. ಏರಿಸಿದಾಗ ಎಳೆದು ಕಿತ್ತುಬರದ ಹಾಗೆ ಎರಡು ಮೂರು ಅಡಿ ಸಡಿಲ ಇರಲಿ. ಸಡಿಲ ವೈರು ಜೋತಾಡದಂತೆ ಚೌಕಟ್ಟಿನ ಹಿಂದೆ ಸುತ್ತಿ ಕಟ್ಟಿ. ದೇವರಾಯನದುರ್ಗ, ಸಿದ್ಧರಬೆಟ್ಟದ ಸುತ್ತಿನ ಊರಿನವರಿಗೆ ಇದನ್ನು ಎರಡು ಸಲ ಹೇಳಬೇಕು, ಜೋತಾಡುವ ವೈರು ಕಂಡರೆ ಕೋತಿಗಳು ಬಿಡುವುದಿಲ್ಲ.